‘ಈ’ ಅನ್ನಿ

ಹಲ್ಲು ಕಚ್ಚಿ, ತುಟಿ ಕೆಳಗೆಳೆದು
‘ಈ’ ಅನ್ನಿ, ಎಂದರು ಡಾಕ್ಟರ್ ವಿಲ್ಮಾ.
ಅಂದೆ.
ಬಲ್ಮಠದ ಎರಡನೇ ಮಾಳಿಗೆಯ ಕನ್ನಡಿಯಲ್ಲಿ
ಗದ್ದದಿಂದ ಕೊರಳೆಲುಬಿನ ತನಕ
ಎದ್ದು ನಿಂತವು ಎರಡು ಹುರಿ,
ಒಣಗಿದ ಬಟ್ಟೆ ತೆಗೆದ ಮೇಲೂ
ಬಿಗಿಯಾಗಿಯೇ ಉಳಿದ ಹಗ್ಗದ ಹಾಗೆ.

ಅಳುತ್ತಿಲ್ಲ ಮಾರಾಯ್ರೇ, ಬರೀ ‘ಈ’ ಅಂದದ್ದು.

ಇಪ್ಪತ್ತಾರು ವರ್ಷ ಹಂಪನಕಟ್ಟೆಯ ಚಿನ್ನದಂಗಡಿಯಲ್ಲಿ
ನನ್ನ ಕೆಲಸ ಕೈಯದ್ದಲ್ಲ, ಕತ್ತಿನದ್ದು.
‘ಜಲಜಾಕ್ಷೀ, ಹಾಕಿ ತೋರಿಸು’ ಅಂದರೆ
ಗದ್ದ ಎರಡು ಬೆರಳು ಮೇಲೆ,
ಸೆರಗು ಒಂದು ಬೆರಳು ಕೆಳಗೆ.
ಲಕ್ಷ್ಮಿ ಸರ, ಹವಳದ ಸರ, ಮಲ್ಲಿಗೆ ಮೊಗ್ಗಿನದ್ದು,
ಮದುಮಗಳ ಐದೆಳೆ,
ದುಬೈಯಿಂದ ರಜೆಗೆ ಬಂದವರ ಚೋಕರ್ –
ಎಷ್ಟು ಕಿಲೋ ಹತ್ತಿ ಇಳಿದಿದೆಯೋ ಈ ಕತ್ತನ್ನು!
ರಾತ್ರಿ ಲೆಕ್ಕ ಒಪ್ಪಿಸಿ ತೊಕ್ಕೊಟ್ಟಿನ ಬಸ್ಸಿನಲ್ಲಿ
ನಾನೂ ನನ್ನ ಕರಿಮಣಿಯೂ.

ಕಳೆದ ದೀಪಾವಳಿಗೆ ಧಣಿಗಳ ಮಗ
ನಯವಾಗಿಯೇ ಹೇಳಿದ:
‘ಅಕ್ಕ, ನೀವಿನ್ನು ಕಾಲುಂಗುರದ ಕೌಂಟರಿಗೆ.’
ಕತ್ತಿನಿಂದ ಕಾಲಿಗೆ.
ಹಿಂಬಡ್ತಿ ಅಲ್ಲವಂತೆ, ಬದಲಾವಣೆಯಂತೆ.

ಡಾಕ್ಟರ್ ಪೆನ್ನಿನಿಂದ ಗುರುತು ಹಾಕುತ್ತಾ ಹೇಳಿದರು,
ಅಡ್ಡ ಗೆರೆ ಬೇರೆ, ಉದ್ದ ಪಟ್ಟಿ ಬೇರೆ.
ಅಡ್ಡದ್ದು ಚರ್ಮದ ಮಡಿಕೆ.
ಉದ್ದದ್ದು ಅಡಿಯ ಸ್ನಾಯುವಿನ ಅಂಚು.

ಅಮ್ಮನಿಗಿದ್ದದ್ದು ಅಡ್ಡದ್ದು.
ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಎಲೆ, ಹುಡಿ, ನೂಲು,
ದಿನಕ್ಕೆ ಸಾವಿರ ಬೀಡಿ.
ಬ್ರಾಂಚಿಗೆ ಕೊಟ್ಟು ಬರುವಾಗಲೂ
ನೆಲವನ್ನೇ ನೋಡಿಕೊಂಡು ಬರುತ್ತಿದ್ದಳು.
‘ನೀನು ತಲೆ ಎತ್ತಿ ಮಾಡುವ ಕೆಲಸ ಹಿಡಿ’ ಅಂದಿದ್ದಳು.
ಹಿಡಿದೆ ಅಮ್ಮ. ಎತ್ತಿದ್ದೇ ಎತ್ತಿದ್ದು.
ಅದಕ್ಕೇ ಉದ್ದದ್ದು ಬಂತೋ ಏನೋ.

‘ಹಾಗೇನಿಲ್ಲ, ವಯಸ್ಸು,’ ಎಂದರು ಡಾಕ್ಟರ್.

ದಾರಿ ಮೂರುಂಟಂತೆ.
ಸೂಜಿ: ಪಟ್ಟಿಯುದ್ದಕ್ಕೂ ಚುಕ್ಕಿ ಚುಕ್ಕಿ,
ಸ್ನಾಯು ನಿದ್ದೆ ಹೋಗುತ್ತದೆ, ನಾಲ್ಕು ತಿಂಗಳಿಗೆ ಎಚ್ಚರ.
ನೂಲು: ಚರ್ಮದಡಿ ತೂರಿಸಿ ಎಳೆಯುವುದು, ಮೆಲ್ಲ ಕರಗುವಂಥದ್ದು.
ಕತ್ತರಿ: ಗದ್ದದ ಅಡಿ ಸೀಳಿ
ದೂರವಾದ ಎರಡು ಅಂಚನ್ನು ನಡುವೆ ತಂದು ಹೊಲಿಯುವುದು,
ರವಕೆ ಬಿಗಿ ಮಾಡಿದ ಹಾಗೆ.
ನಾನು ಮನಸ್ಸಲ್ಲೇ ತೂಗಿದೆ:
ಸೂಜಿಗೆ ಕಾಲು ಪವನು, ನೂಲಿಗೆ ಮುಕ್ಕಾಲು,
ಕತ್ತರಿಗೆ ಎರಡರ ಮೇಲೆ, ಮಜೂರಿ ಸೇರಿ.
‘ಹಳತು ಕೊಟ್ಟರೆ ಎಕ್ಸ್‌ಚೇಂಜ್ ಉಂಟಾ?’ ಕೇಳಿದೆ.
ಡಾಕ್ಟರ್ ನಕ್ಕರು. ನಗುವಾಗ
ಅವರ ಕತ್ತಿನಲ್ಲೂ ಒಂದು, ಎಡಗಡೆ, ಸಣ್ಣದು,
ಎದ್ದು ಮಲಗಿತು.
ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಸೂಜಿ ಹೆಚ್ಚಾದರೆ ಕೆಲವು ದಿನ
ದಿಂಬಿನಿಂದ ತಲೆ ಎತ್ತಲು ಕಷ್ಟ, ನುಂಗಲು ಕಷ್ಟ.
ಅದನ್ನೂ ಮುಚ್ಚಿಡದೆ ಹೇಳಿದರು.
ನುಂಗಿ ಅಭ್ಯಾಸ ಉಂಟು ನನಗೆ, ಅನ್ನಬೇಕೆಂದಿದ್ದೆ.
ಅನ್ನಲಿಲ್ಲ.

ನಿನ್ನೆ ಅಂಗಡಿಗೆ ಬಿಜೈಯ ಒಬ್ಬರು ಬಂದರು,
ಎಪ್ಪತ್ತರ ಹತ್ತಿರ.
ಪೆನ್ಶನಿನ ಬಾಕಿ ಬಂತಂತೆ, ತನಗೇ ಒಂದು ಸರ ಬೇಕಂತೆ.
ಹೊಸ ಹುಡುಗಿ ದೀಕ್ಷಿತಾ ಹಾಕಿ ತೋರಿಸಿದಳು,
ಬೊಂಡದ ಗಂಜಿಯಂಥ ಕತ್ತು.
‘ಇವಳಿಗೆ ಬಾಳೆನಾರು ಕಟ್ಟಿದರೂ ಚಂದ.
ಅದರಲ್ಲಿ ನನಗೆಂತ ಗೊತ್ತಾಗುವುದು?
ಅಗೋ, ಆ ಕಾಲುಂಗುರದವರು ಹಾಕಲಿ, ನೋಡುವ.’
ಹಾಕಿದೆ. ಗದ್ದ ಎರಡು ಬೆರಳು ಮೇಲೆ.
ಎರಡು ಹುರಿಯ ನಡುವೆ ಪದಕ
ತೊಟ್ಟಿಲಿನಲ್ಲಿಟ್ಟ ಹಾಗೆ ಕೂತಿತು.
ಅವರು ಬಹಳ ಹೊತ್ತು ನೋಡಿದರು,
ಸರವನ್ನಲ್ಲ ಅನಿಸಿತು.
ಬಿಲ್ಲಾಯಿತು, ಮೂರು ಪವನು.
ಧಣಿಗಳ ಮಗ ಏನೂ ಅನ್ನಲಿಲ್ಲ. ಚಾ ತರಿಸಿದ.

ಇವತ್ತು ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ
ಯಾರೂ ಹೇಳದೆ ‘ಈ’ ಅಂದೆ.
ಈ ಕತ್ತು.
ಈ ಐವತ್ತೊಂದು.
ಈ…
ಮುಂದಿನ ಶಬ್ದ ಸಿಗುವಷ್ಟರಲ್ಲಿ
ಬಸ್ಸಿಗೆ ಹೊತ್ತಾಗಿತ್ತು.

ಗುರುವಾರ ನಾಲ್ಕೂವರೆಯ ಅಪಾಯಿಂಟ್‌ಮೆಂಟ್
ಹಾಗೆಯೇ ಉಂಟು.
ಕ್ಯಾನ್ಸಲ್ ಮಾಡಿಲ್ಲ.